ಅಪ್ಪ ಅಮ್ಮನಿಂದ ಕಾನೂನಿನ ಬಿಡುಗಡೆ ಸಿಗುತ್ತದಾ?

ಹೊಸನಗರ ತಾಲ್ಲೂಕಿನ ಹದಿನಾರೂವರೆ ವರ್ಷದ ಹುಡುಗಿಯೊಬ್ಬಳು ಬರೆದಿದ್ದಾಳೆ. ದಸರಾ ರಜೆ ಮುಗಿದ ಮೇಲೆ ಅಪ್ಪ ಅವಳನ್ನು ಕಾಲೇಜಿಗೆ ಕಳಿಸಿಲ್ಲ. ಎರಡನೇ ಪಿಯುಸಿ ಅರ್ಧಕ್ಕೆ ನಿಂತಿದೆ. ತುಳಸಿ ಹಬ್ಬ ಕಳೆದ ಮೇಲೆ ನಿಶ್ಚಿತಾರ್ಥ, ಆಮೇಲೆ ಮದುವೆ ಅಂತ ಮನೆಯಲ್ಲಿ ಮಾತು. ‘ಅಮೆರಿಕದಲ್ಲಿ ನನ್ನ ವಯಸ್ಸಿನವರು ಕೋರ್ಟಿಗೆ ಹೋಗಿ ಅಪ್ಪ ಅಮ್ಮನಿಂದ ಬೇರೆಯಾಗಬಹುದಂತೆ. ನಾನೂ ಹಾಗೆ ಮಾಡಬಹುದಾ?’ ಎಂದು ಕೇಳಿದ್ದಾಳೆ.

ಪ್ರೀತಿಯ ತಂಗಿ,

ಅಡಿಕೆ ಸುಲಿಯುವ ಮಧ್ಯೆ ಮೆಟ್ಟುಗತ್ತಿ ಬಿಟ್ಟೆದ್ದು ಬರೆದೆ ಎಂದಿದ್ದೀಯ. ಹಾಳೆಯ ಅಂಚಿನಲ್ಲಿ ನಿನ್ನ ಬೆರಳಿನ ಕಪ್ಪು ಹಾಗೇ ಇದೆ. ನೀನು ಎಷ್ಟು ಅವಸರದಲ್ಲಿ ಬರೆದಿದ್ದೀಯ ಅಂತ ಅದರಿಂದಲೇ ಗೊತ್ತಾಯಿತು. ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ.

ನಮ್ಮಲ್ಲಿ ಅಂಥ ಕಾನೂನು ಇಲ್ಲ. 1875ರ ಭಾರತೀಯ ವಯಸ್ಕತ್ವ ಕಾಯ್ದೆಯ ಪ್ರಕಾರ 18 ತುಂಬುವವರೆಗೆ ನೀನು ಅಪ್ರಾಪ್ತೆ. ಅಮೆರಿಕದಲ್ಲೂ ಅದು ಕೇಳಿದ ಕೂಡಲೇ ಸಿಗುವಂಥದ್ದಲ್ಲ. ಕ್ಯಾಲಿಫೋರ್ನಿಯಾದಲ್ಲಿ 14 ತುಂಬಿದವರು ಅರ್ಜಿ ಹಾಕಬಹುದು. ಆದರೆ ಆಗಲೇ ಬೇರೆ ವಾಸ ಇರಬೇಕು, ತಮ್ಮ ಖರ್ಚು ತಾವೇ ನೋಡಿಕೊಳ್ಳುತ್ತಿರಬೇಕು. ಕೋರ್ಟ್ ಒಪ್ಪಿದ ಮೇಲೆ ಸಾಕುವ ಹೊಣೆ ಅಪ್ಪ ಅಮ್ಮನಿಗೆ ಇರುವುದಿಲ್ಲ.

ಈ ಕೊನೆಯ ಮಾತನ್ನು ಇನ್ನೊಂದು ಸಲ ಓದು. ರಾತ್ರಿ ಹನ್ನೊಂದರವರೆಗೆ ಸುಲಿದರೂ ಮನೆಮಗಳಿಗೆ ಯಾರೂ ಕೂಲಿ ಕೊಡುವುದಿಲ್ಲ, ಅಲ್ವಾ? ನಿನ್ನ ಕೈಯಲ್ಲಿ ದುಡ್ಡಿಲ್ಲ. ನಿನ್ನನ್ನು ಸಾಕುವುದು ಅಪ್ಪನ ಕರ್ತವ್ಯ ಅಂತ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹೇಳುತ್ತದೆ. ಅದರಲ್ಲಿ ಊಟ, ಬಟ್ಟೆಯ ಜೊತೆ ಓದಿನ ಖರ್ಚೂ ಸೇರಿದೆ. ಮದುವೆಯಾಗದ ಮಗಳಿಗೆ ಸ್ವಂತ ಆದಾಯ ಇಲ್ಲದಿದ್ದರೆ 18 ದಾಟಿದ ಮೇಲೂ ಈ ಹಕ್ಕು ಉಳಿಯುತ್ತದೆ. ಇದನ್ನು ನೀನು ಸುಮ್ನೆ ಬಿಟ್ಟುಕೊಡಬೇಡ.

ಈಗ ಆಗಬೇಕಾದದ್ದು ಮದುವೆ ನಿಲ್ಲುವುದು. ಇದಕ್ಕೆ ಕಾನೂನು ಗಟ್ಟಿಯಾಗಿದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ 2016ರಲ್ಲಿ ತಿದ್ದುಪಡಿ ತಂದಿದೆ. ಅದರ ಪ್ರಕಾರ ನಮ್ಮ ರಾಜ್ಯದಲ್ಲಿ 18 ಆಗದ ಹುಡುಗಿಯ ಮದುವೆ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಲೆಕ್ಕದಲ್ಲಿ ಅದು ಮದುವೆಯೇ ಅಲ್ಲ. ಮದುವೆಯ ತಯಾರಿ ನಡೆಯುತ್ತಿದೆ ಅಂತ ಗೊತ್ತಾದರೆ ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಹುದು. ‘ಅಪ್ಪನನ್ನು ಜೈಲಿಗೆ ಹಾಕುತ್ತಾರಾ?’ ಎಂದು ಹೆದರಿದ್ದೀಯ. ಮದುವೆ ಮಾಡಿಸಿದರೆ ಅಪ್ಪನಿಗೆ ಶಿಕ್ಷೆ ಆಗಬಹುದು. ಮೊದಲೇ ನಿಂತರೆ ಅವರೂ ಉಳಿಯುತ್ತಾರೆ. ಆದ್ದರಿಂದ ನೀನು ಬೇಗ ಬಾಯಿಬಿಟ್ಟಷ್ಟೂ ಅವರಿಗೇ ಒಳ್ಳೆಯದು.

1098 ಮಕ್ಕಳ ಸಹಾಯವಾಣಿ. ದುಡ್ಡು ಬೇಡ, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ನಿನ್ನ ಪರವಾಗಿ ಬೇರೆ ಯಾರು ಮಾಡಿದರೂ ಆಗುತ್ತದೆ. ಫೋನ್ ಅಪ್ಪನ ಹತ್ತಿರ ಇದೆ ಎಂದಿದ್ದೀಯ, ಹಾಗಾಗಿ ಅಂಗನವಾಡಿ ಟೀಚರ್ ಅಥವಾ ಆಶಾ ಕಾರ್ಯಕರ್ತೆಗೆ ಹೇಳು. ವಿಷಯ ಶಿವಮೊಗ್ಗದಲ್ಲಿರುವ ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಗೆ ಹೋಗುತ್ತದೆ. 2015ರ ಬಾಲನ್ಯಾಯ ಕಾಯ್ದೆಯಡಿ ಬಾಲ್ಯವಿವಾಹದ ಅಪಾಯದಲ್ಲಿರುವ ಮಗುವಿಗೆ ರಕ್ಷಣೆ ಕೊಡುವುದು ಆ ಸಮಿತಿಯ ಕೆಲಸ. ನೀನೇ ಅವರ ಮುಂದೆ ಹೋಗಿ ನಿಲ್ಲಬಹುದು. ಬಾಲಮಂದಿರದ ಭಯ ಬೇಡ. ಮನೆ ಸುರಕ್ಷಿತ ಅನಿಸಿದರೆ ಅಪ್ಪ ಅಮ್ಮನಿಗೆ ತಿಳಿಹೇಳಿ ಮನೆಗೇ ಕಳಿಸುವುದು ಕಾಯ್ದೆಯ ಮೊದಲ ಆಸೆ. ಮನೆಯಲ್ಲಿ ಹೊಡೆತ ಬೀಳುತ್ತಿದ್ದರೆ ಮಾತ್ರ ಅದನ್ನು ಮುಚ್ಚಿಡದೆ ಹೇಳು.

ಅಡಿಕೆಗೆ ಕೊಳೆ ರೋಗ ಬಂದು ಅರ್ಧ ಫಸಲು ನೆಲಕ್ಕೆ ಬಿತ್ತು, ಸೊಸೈಟಿ ಸಾಲ ಹಾಗೇ ಇದೆ ಎಂದು ಬರೆದಿದ್ದೀಯ. ಅಪ್ಪನ ಕಷ್ಟ ಸುಳ್ಳಲ್ಲ. ಆದರೆ ಆ ಸಾಲ ನಿನ್ನ ಮದುವೆಯಿಂದ ತೀರುವುದಿಲ್ಲ. ಖರ್ಚಿನದ್ದೇ ಚಿಂತೆಯಾದರೆ ಮೆಟ್ರಿಕ್ ನಂತರದ ಸರ್ಕಾರಿ ಬಾಲಕಿಯರ ಹಾಸ್ಟೆಲ್‌ಗಳಿವೆ, ಅಲ್ಲಿ ಊಟ, ವಸತಿ ಉಚಿತ. ಅಪ್ಪನ ಜೊತೆ ಇದನ್ನು ಮಾತಾಡಲು ನಿಮ್ಮ ಪ್ರಿನ್ಸಿಪಾಲರನ್ನೇ ಕರೆ. ಪರೀಕ್ಷೆಗೆ 75% ಹಾಜರಿ ಬೇಕು, ಹಾಗಾಗಿ ತಡಮಾಡಬೇಡ. ಅಪ್ಪನ ಬೀರುವಿನಲ್ಲಿರುವ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ನೀನು ಓದಿದ ಹೈಸ್ಕೂಲಿನ ಮೂಲಕ ಅರ್ಜಿ ಹಾಕಿದರೆ ಅದರ ನಕಲು ಸಿಗುತ್ತದೆ.

ವಕೀಲರು ಬೇಕಾದರೆ 15100ಕ್ಕೆ ಫೋನ್ ಮಾಡು. ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಕಾನೂನು ನೆರವು ಉಚಿತ, ಅಪ್ಪನ ಆದಾಯ ಎಷ್ಟೆಂದು ಕೇಳುವುದಿಲ್ಲ. ಆದರೆ ಮೊದಲ ಫೋನ್ 1098ಕ್ಕೇ ಹೋಗಲಿ, ಅದೂ ನಿಶ್ಚಿತಾರ್ಥಕ್ಕೆ ಮುಂಚೆ.