ಹೊಲದ ಬದುವಿನಿಂದ: ಡಿಕಾಯ್ ಇಟ್ಟು ಪಾರಿವಾಳ ಹೊಡೆಯಲು ಮೊದಲ ಸಲ ಹೊರಟವರಿಗೆ

ಪ್ರಶ್ನೆ: ಅಕ್ಕ, ನಮಸ್ಕಾರ. ನನ್ನದು ವಿರಾಜಪೇಟೆ ಕಡೆ. ಕೆಲಸಕ್ಕೆಂದು ಬಂದು ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ಇದ್ದೇನೆ. ಜೊತೆಗೆ ಕೆಲಸ ಮಾಡುವವರೊಬ್ಬರು ಫೆಬ್ರವರಿಯಲ್ಲಿ ಹೊಲಕ್ಕೆ ಕರೆದಿದ್ದಾರೆ. ಬೊಂಬೆ ಹಕ್ಕಿಗಳನ್ನು ಇಟ್ಟು ಪಾರಿವಾಳ ಹೊಡೆಯೋಣ ಅಂತ. ಊರಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ರೂಢಿ ಇದೆ. ನಮ್ಮ ಮನೆ ಕೋವಿಗೆ ಲೈಸೆನ್ಸ್ ಕೂಡ ಬೇಡ. ಇಲ್ಲಿ ಹೇಗೆ? ಏನೇನು ಬೇಕು, ಎಲ್ಲಿ ಕೂರಬೇಕು, ಯಾವಾಗ ಹೊಡೆಯಬೇಕು? ಸ್ವಲ್ಪ ಬಿಡಿಸಿ ಹೇಳಿ.
— ಲಿಂಕನ್‌ಶೈರ್‌ನ ಓದುಗ

ಉತ್ತರ: ನಿಮ್ಮ ಪತ್ರ ನೋಡಿ ಖುಷಿಯಾಯಿತು. ನಾನೂ ಕೊಡಗಿನವಳೇ. ಇಲ್ಲಿ ರೈತರ ಹೊಲ ನೋಡಿ ಬೆಳೆಗೆ ಸಲಹೆ ಕೊಡುವುದು ನನ್ನ ಕೆಲಸ. ಹಾಗಾಗಿ ಈ ಹಕ್ಕಿಗಳ ಜೊತೆ ವರ್ಷವಿಡೀ ಒಡನಾಟ.

ಮೊದಲು ಕಾನೂನು ಮುಗಿಸಿಬಿಡೋಣ. ಕೊಡವರಿಗೂ, ಜಮ್ಮಾ ಅನ್ನುವ ಕೊಡಗಿನ ಹಳೆಯ ಭೂ ಹಿಡುವಳಿ ಇರುವವರಿಗೂ ಇರುವ ವಿನಾಯಿತಿ ಭಾರತದ ಶಸ್ತ್ರಾಸ್ತ್ರ ಕಾಯ್ದೆಯದ್ದು. ಅದು ಇಲ್ಲಿ ನಡೆಯುವುದಿಲ್ಲ. ಇಲ್ಲಿ ಶಾಟ್‌ಗನ್ ಇಟ್ಟುಕೊಳ್ಳಲು ಪೊಲೀಸರಿಂದ ಸರ್ಟಿಫಿಕೇಟ್ ಪಡೆಯಬೇಕು. ಅದು 5 ವರ್ಷಕ್ಕೆ. ನಿಮ್ಮ ಹತ್ತಿರ ಇನ್ನೂ ಇಲ್ಲದಿದ್ದರೆ ನಿಮ್ಮ ಸ್ನೇಹಿತರು ಖಾಸಗಿ ಜಮೀನಿನಲ್ಲಿ ತಮ್ಮ ಕೋವಿಯನ್ನು ನಿಮಗೆ ಕೊಡಬಹುದು. ಆದರೆ ಅವರ ಹತ್ತಿರ ಸರ್ಟಿಫಿಕೇಟ್ ಇರಬೇಕು, ಅವರು ಪೂರ್ತಿ ಹೊತ್ತು ನಿಮ್ಮ ಜೊತೆಗೇ ಇರಬೇಕು. ಆ ಜಮೀನಿನಲ್ಲಿ ಬೇಟೆಗೆ ಬಿಡುವ ಹಕ್ಕು ಅವರದ್ದಾಗಿರಬೇಕು, ಇಲ್ಲವೇ ಹಕ್ಕಿರುವವರ ಬರಹದ ಒಪ್ಪಿಗೆ ಅವರ ಕೈಲಿರಬೇಕು. ರೈತ "ಹೂಂ, ಬನ್ನಿ" ಅಂದರೆ ಸಾಲದು. ಹೋಗುವ ಮುಂಚೆ ಆ ಕಾಗದ ಕೇಳಿ ನೋಡಿ. ಅದರಲ್ಲಿ ಸಂಕೋಚ ಬೇಡ.

ಇನ್ನೊಂದು ವಿಷಯ ಹೊಸಬರಿಗೆ ಯಾರೂ ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಕಾಡುಹಕ್ಕಿಗಳಿಗೆ 1981ರ ಕಾಯ್ದೆಯ ರಕ್ಷಣೆ ಇದೆ. ನೀವು ಹೊಡೆಯಲು ಹೊರಟಿರುವ ಕಾಡು ಪಾರಿವಾಳ, ಅಂದರೆ ವುಡ್ ಪಿಜನ್‌ಗೂ ಇದೆ. ಅದನ್ನು ಹೊಡೆಯುವುದು ಸರ್ಕಾರದ ಜನರಲ್ ಲೈಸೆನ್ಸ್ ಅಡಿಯಲ್ಲಿ ಮಾತ್ರ. ಬೆಳೆ ಉಳಿಸಲು ಇರುವುದು ಜಿಎಲ್ 42 ಅನ್ನುವುದು. ಅದಕ್ಕೆ ಅರ್ಜಿ ಹಾಕಬೇಕಿಲ್ಲ, ಆದರೆ ಷರತ್ತು ಓದಿರಬೇಕು, ಪಾಲಿಸಬೇಕು. ಬೆಳೆಗೆ ದೊಡ್ಡ ಹಾನಿ ತಪ್ಪಿಸಲು ಹೊಡೆಯಬಹುದು, ಅದೂ ಬೆದರಿಸುವ ಉಪಾಯಗಳನ್ನು ಮಾಡುತ್ತಲೇ. ಸುಮ್ನೆ ಮೋಜಿಗೆ ಹೊಡೆಯಲು ಈ ಲೈಸೆನ್ಸ್ ಇಲ್ಲ. 2019ರ ಏಪ್ರಿಲ್‌ನಲ್ಲಿ ಹಳೆಯ ಲೈಸೆನ್ಸ್‌ಗಳು ಇದ್ದಕ್ಕಿದ್ದಂತೆ ರದ್ದಾದವು. ಬಿತ್ತನೆಯ ಹೊತ್ತಿನಲ್ಲಿ ರೈತರು ಕಂಗಾಲಾದರು. ಆಮೇಲೆ ಹೊಸ ಲೈಸೆನ್ಸ್‌ಗಳು ಬಂದವು. ಅದಕ್ಕೇ ಯಾರದೋ ಹಳೆ ಪ್ರತಿ ನಂಬಬೇಡಿ, ಹೋಗುವ ಮುಂಚೆ ಸರ್ಕಾರದ ಜಾಲತಾಣದಲ್ಲಿ ಈಗಿನದನ್ನೇ ಓದಿ.

ಇನ್ನು ಹಕ್ಕಿಯ ಗುರುತು. ವುಡ್ ಪಿಜನ್ ದಪ್ಪ ಹಕ್ಕಿ, ಅರ್ಧ ಕಿಲೋ ಆಸುಪಾಸು ತೂಗುತ್ತದೆ. ಬಲಿತ ಹಕ್ಕಿಗೆ ಕತ್ತಿನ ಎರಡೂ ಕಡೆ ಬಿಳಿ ಮಚ್ಚೆ. ಹಾರುವಾಗ ರೆಕ್ಕೆಗೆ ಅಡ್ಡಲಾಗಿ ಬಿಳಿ ಪಟ್ಟಿ ಎದ್ದು ಕಾಣುತ್ತದೆ. ಅದೇ ಹೊಲಕ್ಕೆ ಸ್ಟಾಕ್ ಡವ್ ಕೂಡ ಬರುತ್ತದೆ. ಅದು ಸ್ವಲ್ಪ ಚಿಕ್ಕದು, ಮೈಮೇಲೆ ಬಿಳಿ ಎಲ್ಲೂ ಇಲ್ಲ, ರೆಕ್ಕೆಯಲ್ಲಿ ಚಿಕ್ಕ ಕಪ್ಪು ಗೆರೆ. ಅದನ್ನು ಹೊಡೆಯುವಂತಿಲ್ಲ. ಮರಿ ವುಡ್ ಪಿಜನ್‌ಗೆ ಕತ್ತಿನ ಬಿಳಿ ಇರುವುದಿಲ್ಲ, ರೆಕ್ಕೆಯ ಬಿಳಿ ಇರುತ್ತದೆ. ಹಾಗಾಗಿ ರೆಕ್ಕೆ ನೋಡಿ. ರೆಕ್ಕೆಯ ಬಿಳಿ ಕಾಣದಿದ್ದರೆ ಕೋವಿ ಎತ್ತಬೇಡಿ. ಕಾಲಿಗೆ ಉಂಗುರ ಇದ್ದರೆ ಅದು ಯಾರೋ ಸಾಕಿದ ರೇಸಿನ ಪಾರಿವಾಳ ಇರಬಹುದು.

ಈಗ ನೀವು ಕೇಳಿದ "ಎಲ್ಲಿ ಕೂರಬೇಕು". ನಿಮ್ಮ ದಿನ ಚೆನ್ನಾಗಿ ಆಗುತ್ತೋ ಇಲ್ಲವೋ ಅನ್ನುವುದು ಇಲ್ಲೇ ತೀರ್ಮಾನ ಆಗುವುದು. ಸಾಧ್ಯವಾದರೆ ಹಿಂದಿನ ದಿನವೇ ಕೋವಿ ಇಲ್ಲದೆ ಹೋಗಿ. ಒಂದು ಬೈನಾಕ್ಯುಲರ್, ಒಂದು ಫ್ಲಾಸ್ಕ್ ಚಹಾ ಸಾಕು. ಕಾರನ್ನು ದೂರ ನಿಲ್ಲಿಸಿ ಹೊಲ ನೋಡುತ್ತಾ ಇರಿ. ಫೆಬ್ರವರಿಯಲ್ಲಿ ಅವು ಬರುವುದು ಆಯಿಲ್‌ಸೀಡ್ ರೇಪ್ ಹೊಲಕ್ಕೆ. ನಮ್ಮ ಸಾಸಿವೆ ಜಾತಿಯದೇ ಬೆಳೆ, ಎಣ್ಣೆಗೆ ಬೆಳೆಯುತ್ತಾರೆ. ಬೇಸಿಗೆಯ ಕೊನೆಗೆ ಬಿತ್ತಿರುತ್ತಾರೆ. ಚಳಿಗಾಲದಲ್ಲಿ ಬೇರೆ ಮೇವು ಮುಗಿದಾಗ ಹಿಂಡು ಹಿಂಡಾಗಿ ಬಂದು ಎಲೆ ತಿನ್ನುತ್ತವೆ. ಅವು ಮೇದುಹೋದ ಗಿಡ ನೋಡಿದರೆ ಎಲೆಯ ಹಸಿರೆಲ್ಲ ಹೋಗಿ ನಡುವಿನ ದಿಂಡು, ನರ ಮಾತ್ರ ಛತ್ರಿ ಕಡ್ಡಿಗಳ ಹಾಗೆ ಉಳಿದಿರುತ್ತವೆ. ಆ ಗಿಡ ಚಿಗುರಿದರೂ ಹೂವು ತಡ. ಪಕ್ಕದ ಗಿಡ ಕಾಯಿ ಕಟ್ಟಿ ಒಣಗುವಾಗ ಇದು ಇನ್ನೂ ಹಸಿರಾಗಿರುತ್ತದೆ. ಕೊಯ್ಲಿನ ದಿನ ಯಾವುದೆಂದು ರೈತನಿಗೆ ತಲೆನೋವು.

ಹೊಲ ನೋಡುವಾಗ ಮೂರು ವಿಷಯ ಗಮನಿಸಿ. ಹಕ್ಕಿಗಳು ಯಾವ ದಾರಿಯಲ್ಲಿ ಬರುತ್ತವೆ? ಅವು ಒಂದು ಬೇಲಿಸಾಲು, ಒಂದು ತೋಪು, ಒಂದು ತಗ್ಗು ಹಿಡಿದೇ ಬರುತ್ತವೆ, ಅದು ದಿನಾ ಹೆಚ್ಚು ಕಮ್ಮಿ ಒಂದೇ. ಯಾವ ಮರದಲ್ಲಿ ಕೂತು ಸುತ್ತಮುತ್ತ ನೋಡಿ ಆಮೇಲೆ ಇಳಿಯುತ್ತವೆ? ಹೊಲದ ಯಾವ ಮೂಲೆಯಲ್ಲಿ ಮೇಯುತ್ತವೆ? ಇಷ್ಟು ಗೊತ್ತಾದರೆ ಜಾಗ ತಾನೇ ಸಿಗುತ್ತದೆ. ಹೊಲದ ನಡುವೆ ಕಾಲುದಾರಿ ಇದೆಯಾ, ಕುದುರೆ ಸವಾರರು ಬರುವ ಹಾದಿ ಇದೆಯಾ ಅನ್ನುವುದನ್ನೂ ಅವತ್ತೇ ನೋಡಿಕೊಳ್ಳಿ. ಇಲ್ಲಿನ ಹೊಲಗಳಲ್ಲಿ ಸಾರ್ವಜನಿಕ ದಾರಿ ಜಾಸ್ತಿ. ಜನ ನಾಯಿ ಕರಕೊಂಡು ಬಂದೇ ಬರುತ್ತಾರೆ. ಅವರು ಕಂಡರೆ ಕೋವಿಯನ್ನು ನಡುವೆ ಮಡಚಿ ತೆರೆದು, ತೋಟಾ ತೆಗೆದು ಕಾಯಿರಿ. ಅವರು ದಾಟಿ ದೂರ ಹೋಗಲಿ.

ಮರೆ ಕಟ್ಟುವುದು ಸುಲಭ. ಬೇಲಿಗೆ ಬೆನ್ನು ಕೊಟ್ಟು, ಕಬ್ಬಿಣದ ಕಡ್ಡಿಗಳಿಗೆ ಹಸಿರು-ಕಂದು ಬಲೆ ಬಿಗಿದು, ಮೇಲೆ ಅಲ್ಲಿನದೇ ಸೊಪ್ಪು-ಸದೆ ಸಿಕ್ಕಿಸಿ. ಹಕ್ಕಿಗೆ ಕಾಣುವುದು ನಿಮ್ಮ ಬಟ್ಟೆಗಿಂತ ಜಾಸ್ತಿ ನಿಮ್ಮ ಮುಖ, ನಿಮ್ಮ ಅಲುಗಾಟ. ಟೋಪಿ ಹಾಕಿ. ಬರುವ ಹಕ್ಕಿಯನ್ನು ತಲೆ ಎತ್ತಿ ನೋಡಬೇಡಿ, ಬಲೆಯ ಸಂದಿಯಿಂದ ನೋಡಿ.

ಬೊಂಬೆ ಇಡುವಾಗ ಗಾಳಿಯದ್ದೇ ಲೆಕ್ಕ. ಪಾರಿವಾಳ ಇಳಿಯುವುದು ಗಾಳಿಗೆ ಎದುರಾಗಿ. ಅದಕ್ಕೆ ಬೊಂಬೆಗಳ ಮೂತಿ ಸುಮಾರಾಗಿ ಗಾಳಿ ಬರುವ ಕಡೆಗಿರಲಿ. ಎಲ್ಲವೂ ಸಾಲಾಗಿ ಒಂದೇ ದಿಕ್ಕು ನೋಡಿದರೆ ಸಹಜ ಅನಿಸುವುದಿಲ್ಲ. ಒಂದೆರಡು ಸ್ವಲ್ಪ ಓರೆಯಾಗಿರಲಿ, ನಡುನಡುವೆ ಎರಡು ಮೂರು ಹೆಜ್ಜೆ ಬಿಡಿ. ಶುರುವಿಗೆ ಒಂದು ಡಜನ್ ಬೊಂಬೆ ಧಾರಾಳ ಆಯಿತು. ಅವನ್ನು ಕುದುರೆ ಲಾಳದ ಆಕಾರದಲ್ಲಿ ಇಡಿ, ತೆರೆದ ಬಾಯಿ ಹಕ್ಕಿ ಬರುವ ಕಡೆ, ಅಂದರೆ ಗಾಳಿ ಹೋಗುವ ಕಡೆ. ಆ ಖಾಲಿ ಜಾಗಕ್ಕೆ ಅವು ಇಳಿಯಲು ಬರುತ್ತವೆ. ಅದು ನಿಮ್ಮ ಮರೆಯಿಂದ 20-25 ಗಜದಲ್ಲಿರಲಿ. ಗಾಳಿ ನಿಮ್ಮ ಬೆನ್ನಿಗೋ ಪಕ್ಕಕ್ಕೋ ಇದ್ದರೆ ಒಳ್ಳೆಯದು. ಎಲ್ಲಕ್ಕಿಂತ ದೂರದ ಬೊಂಬೆಯನ್ನು 35 ಹೆಜ್ಜೆ ಎಣಿಸಿ ನಿಲ್ಲಿಸಿ. ಅದೇ ನಿಮ್ಮ ಗಡಿ. ಅದರಾಚೆಯ ಹಕ್ಕಿ ನಿಮ್ಮದಲ್ಲ. ಬ್ಯಾಟರಿಯಿಂದ ತಿರುಗುವ, ಎರಡು ತೋಳಿಗೆ ಹಕ್ಕಿ ಸಿಕ್ಕಿಸಿದ ಯಂತ್ರಕ್ಕೆ ಇಲ್ಲಿಯವರು ಮ್ಯಾಗ್ನೆಟ್ ಅನ್ನುತ್ತಾರೆ. ದೂರದ ಹಕ್ಕಿಯ ಕಣ್ಣು ಸೆಳೆಯುತ್ತದೆ ನಿಜ. ಆದರೆ ಪದೇ ಪದೇ ಬೇಟೆ ಆದ ಹೊಲದಲ್ಲಿ ಅದನ್ನು ಕಂಡೇ ಹಕ್ಕಿ ಪಕ್ಕಕ್ಕೆ ಸರಿಯುತ್ತದೆ. ಹಾಗಾದರೆ ನಿಲ್ಲಿಸಿಬಿಡಿ.

ಹಕ್ಕಿ ಬರುವ ರೀತಿಯನ್ನು ಕಣ್ಣಲ್ಲಿ ತುಂಬಿಕೊಳ್ಳಿ. ದೂರದಿಂದ ಜೋರಾಗಿ ರೆಕ್ಕೆ ಬಡಿಯುತ್ತಾ ಬರುತ್ತದೆ. ಬೊಂಬೆ ಕಂಡೊಡನೆ ಓಟ ಸ್ವಲ್ಪ ಬದಲಾಗುತ್ತದೆ. ಗಾಳಿಗೆ ತಿರುಗಿ ರೆಕ್ಕೆ ಬಡಿತ ನಿಲ್ಲಿಸಿ ಜಾರುತ್ತದೆ. ರೆಕ್ಕೆ ಕೊಂಚ ಕಮಾನಾಗುತ್ತದೆ, ಬಾಲ ಅರಳುತ್ತದೆ, ಕಾಲು ಕೆಳಗಿಳಿಯುತ್ತದೆ. ಹೊಸಬರು ರೆಕ್ಕೆ ಬಡಿಯುವಾಗಲೇ ಎದ್ದುಬಿಡುತ್ತಾರೆ. ಅದು ಬೇಗ ಆಯಿತು. ಜಾರುತ್ತಾ ನಿಮ್ಮ ಗಡಿಯೊಳಗೆ ಬರುವವರೆಗೆ ಕೂತಿರಿ. ಆಮೇಲೆ ಒಂದೇ ಸಲಕ್ಕೆ, ಆತುರ ಇಲ್ಲದೆ ಎದ್ದು ಹೆಗಲಿಗೆ ಕೋವಿ.

ಇಲ್ಲಿ ತೆಂಗಿನಕಾಯಿಯ ರೂಢಿ ನಿಮಗೆ ಅಡ್ಡ ಬರುತ್ತದೆ. ಅಲ್ಲಿ ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು, ಗುರಿ ನಿಲ್ಲಿಸಿ ಹೊಡೆಯುತ್ತೀರಿ. ಹಾರುವ ಹಕ್ಕಿಗೆ ಎರಡೂ ಕಣ್ಣು ತೆರೆದಿರಬೇಕು, ನೋಟ ಹಕ್ಕಿಯ ಮೇಲಿರಬೇಕು. ನಳಿಗೆ ಹಕ್ಕಿಯ ಹಿಂದಿನಿಂದ ಬಂದು ಅದನ್ನು ದಾಟುವಾಗ ಗುಂಡು ಹೋಗಬೇಕು, ಹೋದ ಮೇಲೂ ನಳಿಗೆ ಚಲಿಸುತ್ತಲೇ ಇರಬೇಕು. ನಿಲ್ಲಿಸಿದಿರೋ, ಚರೆಯೆಲ್ಲ (ತೋಟಾದೊಳಗಿನ ಸಣ್ಣ ಗುಂಡುಗಳು) ಹಿಂದೆ ಹೋಯಿತು. ಇದನ್ನು ಕಲಿಯಲು ಹೊಲಕ್ಕೆ ಹೋಗುವ ಮುಂಚೆ ಕ್ಲೇ, ಅಂದರೆ ಗಾಳಿಗೆ ಹಾರಿಸುವ ಬಿಲ್ಲೆ, ಹೊಡೆಯುವ ಮೈದಾನಕ್ಕೆ ಹೋಗಿ, ಅಲ್ಲಿನ ತರಬೇತುದಾರರ ಕೈಯಲ್ಲಿ ಕಲಿಯಿರಿ. ಮಣ್ಣಿನ ಬಿಲ್ಲೆಯ ಮೇಲೆ ತಪ್ಪಿದರೆ ಯಾರಿಗೂ ನೋವಿಲ್ಲ. ಇದೊಂದು ಮಾತನ್ನು ನಾನು ತುಂಬಾ ಕಳಕಳಿಯಿಂದ ಹೇಳುತ್ತಿದ್ದೇನೆ. ಗಾಯಗೊಂಡು ತೋಪಿಗೆ ಹೋಗಿ ಬೀಳುವ ಹಕ್ಕಿಯ ಸಂಕಟಕ್ಕೆ ನಮ್ಮ ಉತ್ಸಾಹ ಸಮಾಧಾನ ಆಗುವುದಿಲ್ಲ.

12 ಬೋರ್ ಕೋವಿಗೆ 28ರಿಂದ 30 ಗ್ರಾಂ, 6ನೇ ನಂಬರ್ ಚರೆಯ ತೋಟಾ ಇಲ್ಲಿ ಸಾಮಾನ್ಯ. ಸ್ಟೀಲ್ ಚರೆಯಾದರೆ ಸ್ವಲ್ಪ ದಪ್ಪದ್ದು ಬೇಕು, ಮತ್ತು ಆ ಕೋವಿ ಸ್ಟೀಲ್‌ಗೆ ಆಗುತ್ತದೆಯೇ ಎಂದು ಗನ್ ಅಂಗಡಿಯವರನ್ನು ಕೇಳಬೇಕು. ತೋಟಾದೊಳಗೆ ಪ್ಲಾಸ್ಟಿಕ್ ಬದಲು ನಾರಿನ ವ್ಯಾಡ್ (ಮದ್ದಿಗೂ ಚರೆಗೂ ನಡುವಿನ ಬಿರಡೆ) ಇರುವುದು ಕೇಳಿ ತಗೊಳ್ಳಿ, ರೈತರ ಹೊಲದಲ್ಲಿ ಕಸ ಉಳಿಯುವುದಿಲ್ಲ. ಕಿವಿಗೆ ರಕ್ಷಣೆ ಇಲ್ಲದೆ ಕೂರಲೇಬೇಡಿ. ಮರೆಯಲ್ಲಿ ಇಬ್ಬರಿದ್ದರೆ ಒಬ್ಬರು ಹೊಡೆಯುವಾಗ ಇನ್ನೊಬ್ಬರು ಖಾಲಿ ಕೋವಿ ಹಿಡಿದು ಕೂತಿರಲಿ. ನಳಿಗೆ ಯಾವತ್ತೂ ಜೊತೆಗಾರರ ಮೇಲೆ ಹಾಯಬಾರದು. ತಗ್ಗಿನಲ್ಲಿ ಹಾರುವ ಹಕ್ಕಿಯನ್ನು, ಅದರ ಹಿಂದೆ ಏನಿದೆ ಗೊತ್ತಿಲ್ಲದೆ, ಹೊಡೆಯಬಾರದು.

ಬಿದ್ದ ಹಕ್ಕಿಯಲ್ಲಿ ಜೀವ ಇದ್ದರೆ ತಡ ಮಾಡದೆ ಕೊನೆಗಾಣಿಸಬೇಕು. ಹೇಗೆಂದು ನಿಮ್ಮ ಸ್ನೇಹಿತರನ್ನು ಮೊದಲೇ ಕೇಳಿ ಕಲಿತಿರಿ. ಕೊನೆಗೆ ಖಾಲಿ ತೋಟಾ ಒಂದೊಂದೂ ಹೆಕ್ಕಿ, ರೈತರಿಗೆ ಎಷ್ಟು ಸಿಕ್ಕಿತು ಎಂದು ಹೇಳಿ ಹೊರಡಿ. ಒಂದೆರಡು ಹಕ್ಕಿ ಬೇಕಾ ಅಂತಲೂ ಕೇಳಿ.

ಮೊದಲ ದಿನ ಹಕ್ಕಿ ಬೀಳದಿದ್ದರೆ ಮರ್ಯಾದೆಯೇನೂ ಹೋಗುವುದಿಲ್ಲ. ಹತ್ತು ಹಕ್ಕಿಯನ್ನು ಸುಮ್ಮನೆ ಬರಲು ಬಿಟ್ಟು ಒಂದನ್ನು ಸರಿಯಾಗಿ ಹೊಡೆದವರನ್ನು ಇಲ್ಲಿನ ರೈತರು ಮತ್ತೆ ಕರೆಯುತ್ತಾರೆ. ಇದು ನಾನು ಕಣ್ಣಾರೆ ಕಂಡಿರುವುದು.

ಪ್ರಶ್ನೆ: ಮಗ ಇಂಗ್ಲೆಂಡಿನಲ್ಲಿದ್ದಾನೆ. ಅವನೂ ಹೀಗೆ ಪಾರಿವಾಳ ಹೊಡೆಯಲು ಹೋಗುತ್ತೇನೆ ಅಂದ. ಇಲ್ಲಿ ನಾವು ಮಹಡಿ ಮೇಲೆ ಅವಕ್ಕೆ ಕಾಳು ಹಾಕುತ್ತೇವೆ. ಮನಸ್ಸಿಗೆ ಸರಿ ಬರುತ್ತಿಲ್ಲಮ್ಮ. ಇದು ಪಾಪ ಅಲ್ವಾ?
— ಮೈಸೂರಿನ ಓದುಗರು

ಉತ್ತರ: ಅಮ್ಮ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ನಿಲ್ಲಬೇಕಿತ್ತು. ಇಲ್ಲಿನ ಲೆಕ್ಕ ಬೇರೆ. ಬ್ರಿಟನ್ನಿನಲ್ಲಿ ವುಡ್ ಪಿಜನ್ ಸುಮಾರು 50 ಲಕ್ಷ ಜೋಡಿ ಇವೆ. ನಾನು ಸಲಹೆ ಕೊಡುವ ರೈತರು ಗ್ಯಾಸ್‌ನಿಂದ ಢಂ ಅನ್ನುವ ಯಂತ್ರ ಇಡುತ್ತಾರೆ, ಗಿಡುಗನ ಆಕಾರದ ಗಾಳಿಪಟ ಹಾರಿಸುತ್ತಾರೆ. ಸ್ವಲ್ಪ ದಿನ ಹೆದರಿ ಆಮೇಲೆ ಅದೇ ಯಂತ್ರದ ಪಕ್ಕದಲ್ಲೇ ಕೂತು ಮೇಯುತ್ತವೆ. ಹೊಡೆದ ಹಕ್ಕಿಯ ಕತ್ತಿನ ಬುಡದ ಚೀಲ ಬಿಡಿಸಿದರೆ ಹಸಿರು ಎಲೆಯ ಚೂರು ಒತ್ತಿ ತುಂಬಿರುತ್ತದೆ, ಒಂದು ಹಿಡಿಯಷ್ಟು. ಇಡೀ ಹಿಂಡು ದಿನವಿಡೀ ಹೀಗೆ ತಿಂದರೆ ಹೊಲದ ಗತಿ ಏನು, ನೀವೇ ಯೋಚಿಸಿ.

ಪಾಪವೋ ಅಲ್ಲವೋ ನಾನು ತೀರ್ಪು ಕೊಡಲಾರೆ. ಮಗನಿಗೆ ಎರಡು ಪ್ರಶ್ನೆ ಕೇಳಿ. ಆ ಹೊಲದಲ್ಲಿ ನಿಜವಾಗಿ ಹಾನಿ ಆಗುತ್ತಿದೆಯಾ? ಹೊಡೆದದ್ದನ್ನು ತಿನ್ನುತ್ತೀಯಾ, ಬಿಸಾಡುತ್ತೀಯಾ? ಎರಡಕ್ಕೂ ನೆಟ್ಟಗೆ ಉತ್ತರ ಬಂದರೆ ಅವನು ಯೋಚಿಸಿಯೇ ಹೊರಟಿದ್ದಾನೆ ಅಂದುಕೊಳ್ಳಿ. ಆಮೇಲೂ ನಿಮಗೆ ಬೇಡ ಅನಿಸಿದರೆ ಬೇಡ ಅನ್ನಿ, ಅದು ನಿಮ್ಮ ಹಕ್ಕು. ಕಾಳು ಹಾಕುವುದನ್ನಂತೂ ಈ ಕಾರಣಕ್ಕೆ ನಿಲ್ಲಿಸಬೇಡಿ.

ಪ್ರಶ್ನೆ: ಗೆಳೆಯರು ನಾಲ್ಕು ವುಡ್ ಪಿಜನ್ ತಂದುಕೊಟ್ಟಿದ್ದಾರೆ. ಪುಕ್ಕ ಸಮೇತ. ಏನು ಮಾಡಲಿ?
— ನಾರಿಚ್‌ನ ಓದುಗಿ

ಉತ್ತರ: ಎಲ್ಲ ಪುಕ್ಕ ಕೀಳುತ್ತಾ ಕೂರಬೇಡಿ. ಎದೆಯ ಪುಕ್ಕ ಮಾತ್ರ ಕಿತ್ತು, ಚರ್ಮ ಸರಿಸಿ, ನಡು ಎಲುಬಿನ ಎರಡೂ ಕಡೆಯ ಮಾಂಸ ಬಿಡಿಸಿ. ಮಾಂಸವೆಲ್ಲ ಇರುವುದು ಅಲ್ಲೇ. ಬೆರಳಲ್ಲಿ ಒತ್ತಿ ನೋಡಿ ಚರೆ ಸಿಕ್ಕಿದರೆ ತೆಗೆಯಿರಿ. ಮಕ್ಕಳಿಗೂ ಬಸುರಿಯರಿಗೂ ಸೀಸದ ಚರೆಯಲ್ಲಿ ಹೊಡೆದದ್ದನ್ನು ಕೊಡಬೇಡಿ. ಕಡು ಕೆಂಪು ಮಾಂಸ, ಕೊಬ್ಬು ಇಲ್ಲವೇ ಇಲ್ಲ. ಹಾಗಾಗಿ ಕೋಳಿಯ ಹಾಗೆ ಹೊತ್ತು ಹೊತ್ತು ಬೇಯಿಸಿದರೆ ಗಟ್ಟಿಯಾಗುತ್ತದೆ. ತೆಳ್ಳಗೆ ಹೆಚ್ಚಿ, ಕುಟ್ಟಿದ ಕಾಳುಮೆಣಸು, ಅರಿಸಿನ, ಬೆಳ್ಳುಳ್ಳಿ, ಉಪ್ಪು ಸವರಿ ಅರ್ಧ ಗಂಟೆ ಇಡಿ. ಕಾದ ಬಾಣಲೆಯಲ್ಲಿ ಈರುಳ್ಳಿ, ಕರಿಬೇವು ಹುರಿದು, ಮಾಂಸ ಹಾಕಿ ಜೋರು ಉರಿಯಲ್ಲಿ ಬೇಗ ಬೇಗ ತಿರುವಿ. ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಮನೆಯಲ್ಲಿದ್ದರೆ ಒಲೆ ಆರಿಸುವ ಮುಂಚೆ ಎರಡು ಹನಿ, ಇಲ್ಲದಿದ್ದರೆ ನಿಂಬೆರಸ. ಅಕ್ಕಿರೊಟ್ಟಿ ಜೊತೆ ಬಿಸಿಯಿರುವಾಗಲೇ ತಿನ್ನಿ.