ಜಪಾನಿನ ವಿದ್ಯಾರ್ಥಿಗಳ ಸ್ನೇಹಕ್ಕೆಂದು ಎರಡು ವಾರ ಹೋಗಬೇಕೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಹುಬ್ಬಳ್ಳಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೀರಿ. ನಿಮ್ಮ ಸಭೆಯ, ಅಂದರೆ ಚರ್ಚಿನ, ಯೌವನಸ್ಥರ ಸಂಘದವರು ಎರಡು ವಾರದ ಮಟ್ಟಿಗೆ ಒಂದು ತಂಡವನ್ನು ಜಪಾನಿಗೆ ಕಳುಹಿಸುತ್ತಿದ್ದಾರೆ, ಅದರಲ್ಲಿ ನಿಮ್ಮ ಹೆಸರೂ ಇದೆ. ಅಲ್ಲಿನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳ ಸ್ನೇಹ ಬೆಳೆಸುವುದೇ ಕೆಲಸ ಎಂದು ಹೇಳಿದ್ದಾರೆ. "ಒಳಗೆ ಒಂದು ಉದ್ದೇಶ ಇಟ್ಟುಕೊಂಡು ಮಾಡುವ ಸ್ನೇಹ ಮೋಸವಲ್ಲವೇ? ಎರಡು ವಾರದಲ್ಲಿ ಆಗುವುದಾದರೂ ಏನು? ಹೋಗಲೇ, ಬೇಡವೇ?" ಎಂದು ಕೇಳಿದ್ದೀರಿ.

ಹೋಗಿ. ಆದರೆ ಮೊದಲ ದಿನವೇ, ಮೊದಲ ಮಾತಿನಲ್ಲೇ, ನೀವು ಕ್ರೈಸ್ತರು, ಇಂಥ ಸಭೆಯ ಅತಿಥಿಗಳಾಗಿ ಬಂದವರು, ಇಷ್ಟು ದಿನ ಇರುತ್ತೀರಿ ಎಂದು ಹೇಳಿಬಿಡಿ. ನಾನು ಇದನ್ನು ಕಲಿತದ್ದು ಒಬ್ಬ ಹುಡುಗನ ಮನಸ್ಸಿಗೆ ನೋವು ಕೊಟ್ಟ ಮೇಲೆ. ಆ ನೋವು ನಿಮ್ಮಿಂದ ಇನ್ನೊಬ್ಬರಿಗೆ ಆಗಬಾರದೆಂದು ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಮಂಗಳೂರಿನವಳು, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. 2018ರ ಅಕ್ಟೋಬರಿನಲ್ಲಿ ಏಳು ಜನರ ತಂಡದ ಜೊತೆ 16 ದಿನ ಕ್ಯೋಟೋದಲ್ಲಿದ್ದೆ. ಊರಿಗೆ ಊರೇ ಕಿನ್‌ಮೊಕುಸೆಯ್ ಹೂವಿನ ಪರಿಮಳದಲ್ಲಿ ಮುಳುಗಿದ್ದ ದಿನಗಳವು. ದೆಮಾಚಿಯಾನಗಿ ನಿಲ್ದಾಣದ ಬಳಿ ಎರಡು ಹೊಳೆಗಳು ಕೂಡಿ ಕಾಮೊ ನದಿಯಾಗುತ್ತವೆ. ಅಲ್ಲಿ ನೀರಿನ ನಡುವೆ ದಾಟುಗಲ್ಲುಗಳಿವೆ, ಕೆಲವಕ್ಕೆ ಆಮೆಯ ಆಕಾರ. ಸಂಜೆಯಾದರೆ ಸೈಕಲ್ಲುಗಳನ್ನು ದಡದಲ್ಲಿ ಒರಗಿಸಿ ವಿದ್ಯಾರ್ಥಿಗಳು ಹುಲ್ಲಿನ ಮೇಲೆ ಕುಳಿತಿರುತ್ತಾರೆ. ಒಬ್ಬ ಹುಡುಗ ಟ್ರಂಪೆಟ್ ಅಭ್ಯಾಸ ಮಾಡುತ್ತಿದ್ದ. ಇಂಥ ಜಾಗದಲ್ಲಿ ಸ್ನೇಹ ತಾನಾಗಿಯೇ ಹುಟ್ಟುತ್ತದೆ ಎಂದು ನನಗೆ ಅನ್ನಿಸಿತ್ತು.

ನಮ್ಮ ತಂಡದ ಮುಖಂಡರ ಸೂಚನೆ ಸರಳವಾಗಿತ್ತು: ಮೊದಲು ಸ್ನೇಹ, ಆಮೇಲೆ ಸುವಾರ್ತೆ, ಅಂದರೆ ಯೇಸುವಿನ ಸಂದೇಶ. ನಾವು ಹಂಚಿದ ಚೀಟಿಯಲ್ಲಿ "ಭಾರತದ ಕಾಫಿ, ಇಂಗ್ಲಿಷಿನಲ್ಲಿ ಮಾತುಕತೆ, ಉಚಿತ" ಎಂದಷ್ಟೇ ಇತ್ತು. ಚರ್ಚಿನ ಹೆಸರಿರಲಿಲ್ಲ. ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಚಿಕ್ಕಮಗಳೂರಿನ ಪುಡಿ ಹಾಕಿ ಫಿಲ್ಟರ್ ಕಾಫಿ ಇಳಿಸುತ್ತಿದ್ದೆವು. ಎಂಜಿನಿಯರಿಂಗ್ ಎರಡನೆಯ ವರ್ಷದ ಒಬ್ಬ ಹುಡುಗ ಮೂರು ದಿನ ಬಿಡದೆ ಬಂದ. ದಿನವೂ ಪಕ್ಕದ ಶಿಗಾ ಪ್ರಾಂತದಿಂದ ರೈಲಿನಲ್ಲಿ ಓಡಾಡುವವನು. ಮೊದಲ ದಿನ ಅವನ ಬಾಯಿಂದ ಹತ್ತು ಮಾತೂ ಬರಲಿಲ್ಲ. ಮೂರನೆಯ ದಿನ, ಮನೆಯಲ್ಲಿ ತಂದೆಯೂ ತಾನೂ ಒಂದು ವರ್ಷದಿಂದ ಮಾತನಾಡಿಲ್ಲ ಎಂದು ಹೇಳಿಕೊಂಡ. ಶನಿವಾರ ಊಟಕ್ಕೆ ಕರೆದೆವು. ಊಟ ಇದ್ದದ್ದು ಚರ್ಚಿನಲ್ಲಿ. ಅವನು ಗೇಟಿನ ಬಳಿ ನಿಂತು ಮೇಲಿನ ಶಿಲುಬೆಯನ್ನು ನೋಡಿದ, ನನ್ನ ಮುಖ ನೋಡಿದ, ಬಾಗಿ ವಂದಿಸಿದ. "ಬೈತೊ ಇದೆ" ಎಂದ. ಬೈತೊ ಎಂದರೆ ವಿದ್ಯಾರ್ಥಿಗಳು ಬಿಡುವಿನಲ್ಲಿ ಮಾಡುವ ಅರೆಕಾಲಿಕ ಕೆಲಸ. ಶನಿವಾರ ಕೆಲಸವಿಲ್ಲ ಎಂದು ಹಿಂದಿನ ದಿನ ಅವನೇ ಹೇಳಿದ್ದ. ಆ ರಾತ್ರಿ ಲೈನ್ ಆ್ಯಪಿನಲ್ಲಿ ಕ್ಷಮೆ ಕೇಳಿ ಬರೆದೆ. ಓದಿದ್ದಾನೆ ಎಂಬ ಗುರುತು, 'ಕಿದೋಕು', ಬಂತು. ಉತ್ತರ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಅವತ್ತು ಪಾತ್ರೆ ತೊಳೆಯುವಾಗ ಆ ಸಭೆಯ ಹಿರಿಯ ಹೆಂಗಸೊಬ್ಬರು ನನಗೆ ವಿಷಯ ಬಿಡಿಸಿ ಹೇಳಿದರು. 1995ರ ಮಾರ್ಚ್ 20ರಂದು ಟೋಕಿಯೋದ ಸುರಂಗ ರೈಲುಗಳಲ್ಲಿ ಸಾರಿನ್ ವಿಷಾನಿಲ ಬಿಟ್ಟ ಓಮ್ ಶಿನ್ರಿಕ್ಯೋ ಪಂಥದಲ್ಲಿ ಒಳ್ಳೊಳ್ಳೆಯ ವಿಶ್ವವಿದ್ಯಾಲಯಗಳಲ್ಲಿ ಓದಿದವರಿದ್ದರು. ಅದು ಶುರುವಾದದ್ದು ಯೋಗ ಕಲಿಸುವ ಗುಂಪಾಗಿ. ನಾವು ಅಲ್ಲಿಗೆ ಹೋಗಿದ್ದ 2018ರ ಜುಲೈನಲ್ಲಷ್ಟೇ ಆ ಪಂಥದ ಗುರುವೂ ಸೇರಿ 13 ಮಂದಿಯನ್ನು ಗಲ್ಲಿಗೇರಿಸಲಾಗಿತ್ತು, ಹಳೆಯ ಚಿತ್ರಗಳೆಲ್ಲ ಮತ್ತೆ ಟಿ.ವಿ.ಯಲ್ಲಿ ಬಂದಿದ್ದವು. ಅಲ್ಲಿನ ವಿಶ್ವವಿದ್ಯಾಲಯಗಳು ಹೊಸ ವಿದ್ಯಾರ್ಥಿಗಳಿಗೆ ಎಚ್ಚರಿಕೆ ಕೊಡುತ್ತವೆ: ಹೆಸರು ಮುಚ್ಚಿಟ್ಟು, ಆಟ, ಭಾಷೆ, ಸಮಾಜಸೇವೆ, ಊಟ ಎಂದು ಕರೆದು, ಸಲುಗೆ ಬೆಳೆದ ಮೇಲೆ ಧರ್ಮದ ಮಾತೆತ್ತುವವರಿದ್ದಾರೆ, ಹುಷಾರಾಗಿರಿ ಎಂದು. ಆ ತಾಯಿ ಕೈಯಲ್ಲಿದ್ದ ಬಟ್ಟಲನ್ನು ಒರೆಸುತ್ತಾ, "ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದಿಲ್ಲವೆಂದು ನನಗೆ ಗೊತ್ತು. ಆ ಮಗುವಿಗೆ ಹೇಗೆ ಗೊತ್ತಾಗಬೇಕು? ಅವರು ಮಾಡುವುದನ್ನೇ ನೀವೂ ಮಾಡಿದಿರಿ" ಎಂದರು.

2022ರ ಜುಲೈ 8ರಂದು ಪಕ್ಕದ ನಾರಾ ನಗರದಲ್ಲಿ ಮಾಜಿ ಪ್ರಧಾನಿ ಶಿಂಜೊ ಅಬೆಯವರನ್ನು ಗುಂಡಿಟ್ಟು ಕೊಂದ ಮೇಲೆ ಈ ಭಯ ಇನ್ನೂ ಆಳಕ್ಕಿಳಿದಿದೆ. ಕೊಂದವನ ತಾಯಿ ಯೂನಿಫಿಕೇಶನ್ ಚರ್ಚ್ ಎಂಬ ಪಂಥಕ್ಕೆ ಮನೆಯ ಆಸ್ತಿಯನ್ನೆಲ್ಲ ಸುರಿದು ಸಂಸಾರ ಮುಳುಗಿತ್ತು. ನಮ್ಮ ಸಭೆಗೂ ಆ ಪಂಥಕ್ಕೂ ಸಂಬಂಧವಿಲ್ಲ ಎಂದು ನಾವು ಹೇಳಬಹುದು. ಆದರೆ ಅಲ್ಲಿ ಕ್ರೈಸ್ತರು ಜನಸಂಖ್ಯೆಯ ಶೇಕಡಾ 1ರ ಆಸುಪಾಸು ಮಾತ್ರ. ಹತ್ತಿರದಿಂದ ಒಬ್ಬ ಕ್ರೈಸ್ತನನ್ನೂ ನೋಡದೆ ಬೆಳೆದ ಹತ್ತೊಂಬತ್ತರ ಹುಡುಗಿಗೆ ಎರಡೂ ಕಡೆ 'ಚರ್ಚ್' ಎಂಬ ಪದವೊಂದೇ ಕಾಣುತ್ತದೆ.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದು: ಉದ್ದೇಶ ಇರುವುದು ಮೋಸವಲ್ಲ, ಅದನ್ನು ಬಚ್ಚಿಡುವುದು ಮೋಸ. ನನ್ನ ಪ್ರೀತಿಯ ದೇವರನ್ನು ಇನ್ನೊಬ್ಬರೂ ಬಲ್ಲವರಾಗಲಿ ಎಂಬ ಆಸೆ ನನಗಿದೆ, ಅದಕ್ಕೆ ನಾಚಿಕೆಯಿಲ್ಲ. ಅಂಥ ಆಸೆ ಇರುವವಳು ನಾನು ಎಂದು ಗೊತ್ತಿದ್ದೂ ಒಬ್ಬರು ನನ್ನ ಜೊತೆ ಕುಳಿತು ಕಾಫಿ ಕುಡಿದರೆ, ಅದು ಅವರೇ ತೆರೆದ ಬಾಗಿಲು. ಉಳಿದ ದಿನಗಳಿಗೆ ನಾವು ಚೀಟಿ ಬದಲಿಸಿದೆವು. ಚರ್ಚಿನ ಹೆಸರು, ವಿಳಾಸ, ನಾವು ಊರಿಗೆ ಮರಳುವ ತಾರೀಖು, ಎಲ್ಲವನ್ನೂ ಬರೆದೆವು. ಬರುವವರು ಕಡಿಮೆಯಾದರು, ಅದು ನಿಜ. ಬಂದವರು ನಿರಾಳವಾಗಿ ಕುಳಿತರು.

ಹಾಗೆ ಬಂದವರಲ್ಲಿ ಒಬ್ಬಳನ್ನು ನಿಮಗೆ ಹೇಳಲೇಬೇಕು. ಕೃಷಿ ವಿಭಾಗದಲ್ಲಿ ಮಣ್ಣಿನ ಬಗ್ಗೆ ಓದುತ್ತಿದ್ದಳು. ನಾನು ವಿಜ್ಞಾನದ ಟೀಚರ್, ನಮ್ಮ ಕರಾವಳಿಯ ಜಂಬಿಟ್ಟಿಗೆಯ ಬಗ್ಗೆಯೇ ಒಂದು ತಾಸು ಮಾತಾಯಿತು. ಹೊರಡುವ ಮುನ್ನ, ಚಪ್ಪಲಿ ಹಾಕಿಕೊಳ್ಳುತ್ತಾ ತಲೆ ಎತ್ತದೆ ಕೇಳಿದಳು: "ನನ್ನ ಅಜ್ಜಿ ಈ ವರ್ಷ ತೀರಿಕೊಂಡರು. ಅವರು ಯೇಸುವಿನ ಹೆಸರನ್ನೇ ಕೇಳಿದವರಲ್ಲ. ನಿಮ್ಮ ಪ್ರಕಾರ ಅವರು ಈಗ ಎಲ್ಲಿದ್ದಾರೆ?" ಅವರ ಮನೆಯಲ್ಲಿ ಬುತ್ಸುದಾನ್ ಇದೆ, ಹಿರಿಯರನ್ನು ಸ್ಮರಿಸುವ ಪುಟ್ಟ ಬೌದ್ಧ ಪೀಠ. ಬೆಳಿಗ್ಗೆ ಅಜ್ಜಿಗೆ ಅನ್ನ ಇಟ್ಟು ಗಂಟೆ ಬಾರಿಸಿದ ಮೇಲೆಯೇ ತಾಯಿ ಉಳಿದವರಿಗೆ ಬಡಿಸುತ್ತಾರಂತೆ.

ಈ ಪ್ರಶ್ನೆ ಹಳೆಯದು. ಗೋವೆಯಿಂದ ಹೊರಟ ಕ್ರೈಸ್ತ ಧರ್ಮಪ್ರಚಾರಕ ಫ್ರಾನ್ಸಿಸ್ ಝೇವಿಯರ್ 1549ರ ಆಗಸ್ಟ್ 15ರಂದು ಕಾಗೊಶಿಮಾದಲ್ಲಿ ಇಳಿದರು. ಜಪಾನಿನಿಂದ ಮರಳಿದ ಮೇಲೆ 1552ರಲ್ಲಿ ಬರೆದ ಪತ್ರದಲ್ಲಿ ಅವರು ಇದನ್ನೇ ಹೇಳಿಕೊಂಡಿದ್ದಾರೆ: ಸತ್ತ ತಮ್ಮ ಹಿರಿಯರಿಗೆ ಬಿಡುಗಡೆಯಿಲ್ಲ ಎಂದು ಕೇಳಿ ಹೊಸ ವಿಶ್ವಾಸಿಗಳು ಅಳುತ್ತಿದ್ದರು ಎಂದು. ಹೋಗುವ ಮುನ್ನ ನಮಗೆ ಕೊಟ್ಟ ತರಬೇತಿಯಲ್ಲಿ ಸಾಕ್ಷಿ ಹೇಳುವುದು, ಅಂದರೆ ನಮ್ಮ ನಂಬಿಕೆಯ ಅನುಭವವನ್ನು ಇನ್ನೊಬ್ಬರಿಗೆ ಹೇಳುವುದು, ಹೇಗೆ ಎಂದು ಕಲಿಸಿದ್ದರು, ಈ ಅಳುವಿನ ಮುಂದೆ ಹೇಗೆ ನಿಲ್ಲಬೇಕೆಂದು ಯಾರೂ ಕಲಿಸಿರಲಿಲ್ಲ. ನನ್ನ ಬಾಯಲ್ಲಿ ಎರಡು ಸಿದ್ಧ ಉತ್ತರಗಳಿದ್ದವು, ಎರಡನ್ನೂ ಹೇಳಲಾಗಲಿಲ್ಲ. "ಅದು ದೇವರ ಕೈಯಲ್ಲಿದೆ, ನನಗೆ ತಿಳಿಯದು. ನಾನು ನಂಬಿರುವ ದೇವರು ನಿಮ್ಮ ಅಜ್ಜಿಯನ್ನು ನಿಮಗಿಂತ ಕಡಿಮೆ ಪ್ರೀತಿಸುವವನಲ್ಲ" ಎಂದೆ. ಆಮೇಲೆ ಅಜ್ಜಿಯ ಬಗ್ಗೆ ಕೇಳಿದೆ. ಅವಳು ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಬಂದಳು. ಅಜ್ಜಿ ಮೂಲಂಗಿಯನ್ನು ಹೇಗೆ ಒಣಗಿಸಿ ಉಪ್ಪಿನಲ್ಲಿ ಹಾಕುತ್ತಿದ್ದರು ಎಂಬುದರಿಂದ ಶುರುವಾದ ಮಾತು ಕತ್ತಲಾಗುವವರೆಗೆ ನಡೆಯಿತು. ನಾನು ಸುಮ್ಮನೆ ಕೇಳಿದೆ. ಆ 16 ದಿನಗಳಲ್ಲಿ ಸೇವೆ ಎಂದು ನಾನು ಧೈರ್ಯವಾಗಿ ಕರೆಯಬಲ್ಲದ್ದು ಆ ಸಂಜೆಯೊಂದನ್ನೇ.

ಅವಳು ದೀಕ್ಷಾಸ್ನಾನ ಪಡೆದಳೇ ಎಂದು ನಮ್ಮ ಸಭೆಯಲ್ಲಿ ಈಗಲೂ ಕೇಳುತ್ತಾರೆ. ಇಲ್ಲ. ಅವಳು ನನ್ನ ಗೆಳತಿ. ತಿಂಗಳಿಗೊಮ್ಮೆ ಮಾತನಾಡುತ್ತೇವೆ. ನಮ್ಮ ಗಡಿಯಾರಕ್ಕಿಂತ ಅವರದು ಮೂರೂವರೆ ಗಂಟೆ ಮುಂದೆ, ಹಾಗಾಗಿ ನನಗೆ ಸಂಜೆ ಆರಾದರೆ ಅವಳಿಗೆ ಮಲಗುವ ಹೊತ್ತು. 2023ರಲ್ಲಿ ನಾನು ಒಬ್ಬಳೇ ಮತ್ತೆ ಹೋದಾಗ ಅವಳ ಮನೆಯ ಬುತ್ಸುದಾನ್ ಮುಂದೆ ಕುಳಿತು ಅಜ್ಜಿಯ ಫೋಟೊ ನೋಡಿದೆ. ಆ ಮನೆಯಲ್ಲಿ ನನ್ನ ಪ್ರಾರ್ಥನೆಯನ್ನು ನಾನು ಮನಸ್ಸಿನಲ್ಲೇ ಮಾಡಿದೆ, ಅವಳ ತಾಯಿ ಕಾದು ನಿಂತು ಆಮೇಲೆ ಚಹಾ ಕೊಟ್ಟರು.

ಎರಡು ವಾರದಲ್ಲಿ ಏನಾಗುತ್ತದೆ ಎಂದಿರಿ. ನಮ್ಮವರಿಗೆ ಇದರ ಉತ್ತರ ಮನೆಯಲ್ಲೇ ಇದೆ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನಿಂದ ಬಂದರು, ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ 41 ವರ್ಷ. ಜಪಾನಿನ ಕಡೆಗೂ ಇಂಥವರೊಬ್ಬರು ನಮ್ಮ ಪಶ್ಚಿಮ ಕರಾವಳಿಯಿಂದಲೇ ಹೋಗಿದ್ದರು: ಮುಂಬೈ ಬಳಿಯ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ. ಎಳೆಯ ವಯಸ್ಸಿನಲ್ಲೇ ಹೋಗಿ ಜಪಾನಿ ಭಾಷೆಯನ್ನು ಅರಗಿಸಿಕೊಂಡು, ಫ್ರಾನ್ಸಿಸ್ಕನ್ ಸಂನ್ಯಾಸಿಗಳ ದುಭಾಷಿಯಾಗಿ ಕ್ಯೋಟೋದಲ್ಲಿದ್ದರು. ಆಗ ಜಪಾನನ್ನು ಆಳುತ್ತಿದ್ದ ಹಿದೆಯೊಶಿಯ ಆಜ್ಞೆಯಂತೆ ಸೆರೆ ಹಿಡಿದವರ ಎಡಗಿವಿಯನ್ನು ಕ್ಯೋಟೋದಲ್ಲಿ ಕತ್ತರಿಸಿ, ಚಳಿಗಾಲದಲ್ಲಿ ನಾಗಾಸಾಕಿಯವರೆಗೆ ನಡೆಸಿ, 1597ರ ಫೆಬ್ರುವರಿ 5ರಂದು 26 ಜನರನ್ನು ಶಿಲುಬೆಗೇರಿಸಿದರು. ಅವರಲ್ಲಿ ಗಾರ್ಸಿಯಾ ಒಬ್ಬರು. ಕಿವಿ ಕತ್ತರಿಸಿದ್ದು ಇಚಿಜೋ ಮೊದೊರಿಬಾಶಿ ಎಂಬ ಸೇತುವೆಯ ಬಳಿ ಎಂದು ಹೇಳುತ್ತಾರೆ. ದೋಶಿಶಾ ವಿಶ್ವವಿದ್ಯಾಲಯದಿಂದ ನಡೆದು ಹೋಗುವಷ್ಟು ಹತ್ತಿರ. ನಾನು ಆ ಪುಟ್ಟ ಸೇತುವೆಯ ಮೇಲೆ ನಿಂತಾಗ ಕೈಯಲ್ಲಿದ್ದ ವಾಪಸು ಟಿಕೆಟಿನ ನೆನಪು ಬಹಳ ಚುಚ್ಚಿತು.

ಹಾಗಾದರೆ ಎರಡು ವಾರ ವ್ಯರ್ಥವೇ? ಅಲ್ಲ. ಅಲ್ಲಿನ ಸಭೆಗಳು ಸಣ್ಣವು. ನಾನು ಉಳಿದುಕೊಂಡಿದ್ದ ಸಭೆಯಲ್ಲಿ ಭಾನುವಾರ ಮೂವತ್ತು ಜನ ಸೇರಿದರೆ ಹೆಚ್ಚು, ಬಹುಪಾಲು ಎಪ್ಪತ್ತು ದಾಟಿದವರು. ವರ್ಷವಿಡೀ ವಿದ್ಯಾರ್ಥಿಗಳ ನಡುವೆ ಕೆಲಸ ಮಾಡುವವರು ಅಲ್ಲಿನವರೇ. ಅವರ ಕೆಲಸಕ್ಕೆ ನೀವು ಹದಿನಾಲ್ಕು ದಿನ ಕೈ ಜೋಡಿಸಲು ಹೋಗುತ್ತಿದ್ದೀರಿ. ಆದ್ದರಿಂದ ಕಾರ್ಯಕ್ರಮವನ್ನು ಇಲ್ಲಿಂದ ಕಟ್ಟಿಕೊಂಡು ಹೋಗಬೇಡಿ. ಅಲ್ಲಿನ ಸಭಾಪಾಲಕರಿಗೆ ಈಗಲೇ ಪತ್ರ ಬರೆದು ಅವರಿಗೆ ಏನು ಬೇಕು ಎಂದು ಕೇಳಿ. ನಮಗೆ ಬಂದ ಉತ್ತರದಲ್ಲಿ ಎರಡೇ ಕೆಲಸಗಳಿದ್ದವು: ಚರ್ಚಿನ ಹಿಂದಿನ ಅಂಗಳದ ಕಳೆ ಕೀಳುವುದು, ಶನಿವಾರ ಅಡುಗೆ ಮಾಡುವುದು.

ತಾರೀಖನ್ನೂ ಅವರನ್ನೇ ಕೇಳಿ ಗೊತ್ತುಮಾಡಿ. ಅಲ್ಲಿ ಶೈಕ್ಷಣಿಕ ವರ್ಷ ಏಪ್ರಿಲಿನಲ್ಲಿ ಶುರು. ಜುಲೈ ಕೊನೆಗೆ ಪರೀಕ್ಷೆ, ಆಗಸ್ಟ್, ಸೆಪ್ಟೆಂಬರಿನಲ್ಲಿ ರಜೆ, ಫೆಬ್ರುವರಿ, ಮಾರ್ಚಿನಲ್ಲಿ ಮತ್ತೆ ರಜೆ. ನಮ್ಮ ಬೇಸಿಗೆ ರಜೆಗೆ ಹೊಂದುತ್ತದೆ ಎಂದು ಏಪ್ರಿಲ್ ಕೊನೆಗೆ ಹೋದರೆ ಅವರ 'ಗೋಲ್ಡನ್ ವೀಕ್' ರಜೆಗೆ ಸಿಕ್ಕಿ ಕ್ಯಾಂಪಸ್ಸೇ ಖಾಲಿ ಇರಬಹುದು. ಅಕ್ಟೋಬರ್ ಒಳ್ಳೆಯದು. ಮೂರನೆಯ ವರ್ಷದವರು ಕಪ್ಪು ಸೂಟು ಹಾಕಿಕೊಂಡು ಕೆಲಸ ಹುಡುಕುವ ಓಡಾಟದಲ್ಲಿರುತ್ತಾರೆ, ಅವರನ್ನು ಊಟಕ್ಕೆ ಒತ್ತಾಯಿಸಬೇಡಿ. ವೀಸಾ ಅರ್ಜಿಗೆ ಆ ಸಭೆಯಿಂದ ಆಹ್ವಾನ ಪತ್ರ, ದಿನದಿನದ ಯೋಜನೆ ಬೇಕು. ಖರ್ಚು ಅವರದಾದರೆ ಜಾಮೀನು ಪತ್ರವೂ ಬೇಕು. ಅರ್ಜಿಯಲ್ಲಿ ಇರುವ ಕಾರಣವನ್ನೇ ಬರೆಯಿರಿ. ವಿದ್ಯಾರ್ಥಿಗಳಿಗೆ ಮೊದಲ ದಿನ ಹೇಳುವ ಸತ್ಯ ಇಲ್ಲಿಂದಲೇ ಶುರುವಾಗಲಿ.

ಇನ್ನೊಂದು ವಿಷಯದಲ್ಲಿ ನಾನು ಕಠಿಣವಾಗಿ ಹೇಳುತ್ತೇನೆ. ವಿದ್ಯಾರ್ಥಿಗಳ ಫೋಟೊ ತೆಗೆದು ಸಭೆಯ ವಾಟ್ಸ್‌ಆ್ಯಪ್ ಗುಂಪಿಗೆ, ಪ್ರಾರ್ಥನಾ ವರದಿಗೆ ಹಾಕಬೇಡಿ. "ಈ ಸಹೋದರಿಯ ರಕ್ಷಣೆಗಾಗಿ ಪ್ರಾರ್ಥಿಸಿ" ಎಂಬ ಅಡಿಬರಹದೊಂದಿಗೆ ತನ್ನ ಮುಖ ಸಾವಿರ ಮೊಬೈಲುಗಳಲ್ಲಿ ಓಡಾಡುತ್ತಿದೆ ಎಂದು ಆ ಹುಡುಗಿಗೆ ತಿಳಿದರೆ ಏನೆನ್ನಿಸೀತು? ಪ್ರಾರ್ಥನೆಗೆ ಫೋಟೊ ಬೇಕಿಲ್ಲ.

ಮಾತಿನ ನಡುವೆ ಮೌನ ಬರುತ್ತದೆ, ನಮ್ಮಲ್ಲಿಗಿಂತ ಉದ್ದವಾದ ಮೌನ. ತುಂಬಲು ಹೋಗಬೇಡಿ. ಎದುರಿನವರು ಪದ ಹುಡುಕುತ್ತಿರುತ್ತಾರೆ. ಅವರ ಕ್ಯಾಂಟೀನಿನಲ್ಲೇ ಉಂಡರೆ ಜೊತೆಯೂ ಸಿಗುತ್ತದೆ, ಖರ್ಚೂ ಕಡಿಮೆ. ಸಾಬಾ ಎಂಬ ಮೀನು ನಮ್ಮ ಬಂಗುಡೆಯ ದಾಯಾದಿ, ಮಿಸೊ (ಹುದುಗಿಸಿದ ಸೋಯಾ ಹಿಟ್ಟು) ಹಾಕಿ ಬೇಯಿಸಿರುತ್ತಾರೆ. ನೀವು ಸಸ್ಯಾಹಾರಿಯಾದರೆ ಮೊದಲೇ ತಿಳಿಸಿ, ತರಕಾರಿ ಸಾರಿಗೂ ಹೆಚ್ಚಾಗಿ ಮೀನಿನ ರಸವೇ ಆಧಾರ. ಧಾರವಾಡ ಪೇಡಾ ಒಯ್ಯುವುದಾದರೆ ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಅಲ್ಲಿ ಉಡುಗೊರೆ ಹಂಚುವ ಕ್ರಮ ಹಾಗೆ.

ಹೊರಡಲು ಇನ್ನೂ ನಾಲ್ಕು ತಿಂಗಳಿದೆ ಎಂದಿದ್ದೀರಿ. ಭಾಷೆ ಕಲಿಯಲು ಶುರು ಮಾಡಿ. ಕನ್ನಡದವರಿಗೆ ಇದು ಇಂಗ್ಲಿಷಿನವರಿಗಿಂತ ಎಷ್ಟೋ ಹತ್ತಿರ. ಹಿರಗಾನ ಲಿಪಿಯ ಮೂಲಾಕ್ಷರಗಳು 46. ಅವುಗಳ ಕ್ರಮ 'ಅ ಇ ಉ ಎ ಒ', ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳ ಸಂಸ್ಕೃತ ಕಲಿಕೆಯ ಮೂಲಕ ನಮ್ಮ ವರ್ಣಮಾಲೆಯ ಕ್ರಮವೇ ಅಲ್ಲಿಗೆ ಹೋಗಿದ್ದು. ವಾಕ್ಯದ ಕಟ್ಟೂ ನಮ್ಮದೇ, ಕ್ರಿಯಾಪದ ಕೊನೆಗೆ. 'ಕ್ಯೋಟೋ ನಿ ಇಕಿಮಾಸು' ಎಂದರೆ 'ಕ್ಯೋಟೋಗೆ ಹೋಗುತ್ತೇನೆ', ಆ 'ನಿ' ನಮ್ಮ 'ಗೆ'. ನಾನು ಇದನ್ನು ಕಾಗದದ ಮೇಲೆ ಎರಡು ಸಾಲಾಗಿ ಬರೆದು ತೋರಿಸಿದಾಗ ಮಣ್ಣು ಓದುವ ಆ ಹುಡುಗಿ ಪೆನ್ನು ಕಿತ್ತುಕೊಂಡು, ತನ್ನ ಹೆಸರನ್ನು ಕನ್ನಡದಲ್ಲಿ ಬರೆಯುವುದು ಹೇಗೆ ಎಂದು ಕೇಳಿದ್ದಳು. ಕಳೆದ ಹೊಸ ವರ್ಷಕ್ಕೆ ಅವಳು ಕಳುಹಿಸಿದ ಕಾರ್ಡಿನ ಕೆಳಗೆ ಆ ಮೂರು ಅಕ್ಷರಗಳಿದ್ದವು, ಒತ್ತಕ್ಷರ ಸ್ವಲ್ಪ ಓರೆಯಾಗಿತ್ತು.