ಜರ್ಮನಿಯ ಆಫರ್ ಕೈಗೆ ಬಂದಿದೆ, ಬ್ಲೂ ಕಾರ್ಡ್ ಸಿಗುತ್ತದೆಯೇ?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ವಿಟಿಯು ಮೆಕ್ಯಾನಿಕಲ್ ಬಿ.ಇ., ಆರು ವರ್ಷ ಡಿಸೈನ್ ಕೆಲಸದ ಅನುಭವ. ಜರ್ಮನಿಯ ಕಂಪನಿಯೊಂದು ತಿಂಗಳಿಗೆ 3,800 ಯೂರೊ ಸಂಬಳಕ್ಕೆ ತೆಗೆದುಕೊಳ್ಳಲು ಒಪ್ಪಿದೆ, ವರ್ಷದ ಕೊನೆಗೆ ಬೋನಸ್ ಬೇರೆ ಎಂದಿದ್ದಾರೆ. ಬ್ಲೂ ಕಾರ್ಡ್‌ಗೆ (ನುರಿತ ವಿದೇಶಿಯರಿಗೆ ಅಲ್ಲಿ ಕೊಡುವ ಕೆಲಸ-ವಾಸದ ಪರವಾನಗಿ) ಅರ್ಜಿ ಹಾಕಬಹುದೇ? ಓದಿನ ದಾಖಲೆಗಳು ನಿಜವೆಂದು ದೃಢಪಡಿಸುವ ಎಪಿಎಸ್ ಸರ್ಟಿಫಿಕೇಟ್ ಬೇಕೇ?

ಉತ್ತರ: ಸಹಿ ಹಾಕುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು. 2026ರಲ್ಲಿ ಬ್ಲೂ ಕಾರ್ಡ್‌ಗೆ ತೆರಿಗೆ ಕಳೆಯುವ ಮುಂಚಿನ ಸಂಬಳ ವರ್ಷಕ್ಕೆ ಕನಿಷ್ಠ 50,700 ಯೂರೊ ಇರಬೇಕು. ಎಂಜಿನಿಯರ್, ಐಟಿ, ವೈದ್ಯರಂಥ ಜನರ ಕೊರತೆ ಇರುವ ಕಸುಬುಗಳಿಗೆ ಮಿತಿ 45,934.20 ಯೂರೊ. ನಿಮಗೆ ಅನ್ವಯಿಸುವುದು ಈ ಎರಡನೆಯದು. ಈಗ ಲೆಕ್ಕ ಹಾಕಿ: 3,800ನ್ನು 12ರಿಂದ ಗುಣಿಸಿದರೆ 45,600. ಬರೀ 334 ಯೂರೊ 20 ಸೆಂಟ್ ಕಡಿಮೆ, ಆದರೆ ಅಷ್ಟಕ್ಕೇ ಬ್ಲೂ ಕಾರ್ಡ್ ಕೈತಪ್ಪುತ್ತದೆ. ಕಂಪನಿಯ ಲಾಭ ನೋಡಿ ಕೊಡುವ ಬೋನಸ್ಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಂಟ್ರ್ಯಾಕ್ಟ್‌ನಲ್ಲಿ ಖಚಿತವಾಗಿ ಕೊಡುತ್ತೇವೆಂದು ಬರೆದ ಹಣಕ್ಕೆ ಮಾತ್ರ ಬೆಲೆ. ತಿಂಗಳಿಗೆ 3,827.85 ಯೂರೊ ಆದರೆ ಮಿತಿಗೆ ಸರಿಹೋಗುತ್ತದೆ. ನೀವು 3,850 ಕೇಳಿ. ಕಾರಣ ಬಿಡಿಸಿ ಹೇಳಿ, ಎಚ್‌ಆರ್‌ನವರಿಗೆ ಈ ಮಿತಿ ಗೊತ್ತಿಲ್ಲದಿರುವುದೂ ಉಂಟು. ಇನ್ನೊಂದು ಮಾತು: ಮಿತಿ ಪ್ರತಿ ಜನವರಿ 1ಕ್ಕೆ ಬದಲಾಗುತ್ತದೆ. 2025ರಲ್ಲಿ ಇದೇ ಮಿತಿ 43,759.80 ಇತ್ತು. ಡಿಸೆಂಬರ್‌ನಲ್ಲಿ ಅಂಚಿನ ಸಂಬಳಕ್ಕೆ ಸಹಿ ಹಾಕಿ ಅರ್ಜಿಯನ್ನು ಜನವರಿಗೆ ತಳ್ಳುವವರು ಇಲ್ಲಿ ಎಡವುತ್ತಾರೆ.

ಕಂಪನಿ ಒಂದು ಯೂರೊವನ್ನೂ ಏರಿಸದಿದ್ದರೆ? ದಾರಿ ಮುಚ್ಚುವುದಿಲ್ಲ. ಪದವೀಧರರಿಗೆಂದೇ ಇರುವ ಸಾಮಾನ್ಯ ಸ್ಕಿಲ್ಡ್ ವರ್ಕರ್ ವೀಸಾಕ್ಕೆ (ಕಾನೂನಿನ 18ಬಿ ಕಲಂ) ಹಾಕಬಹುದು. 45 ವರ್ಷದೊಳಗಿನವರಿಗೆ ಅದರಲ್ಲಿ ಇಂತಿಷ್ಟೇ ಸಂಬಳ ಎಂಬ ಗೆರೆ ಇಲ್ಲ. ಅದೇ ಊರಿನಲ್ಲಿ ಅದೇ ಕೆಲಸಕ್ಕೆ ಜರ್ಮನಿಯವರು ಪಡೆಯುವಷ್ಟು ನಿಮಗೂ ಕೊಡುತ್ತಿದ್ದಾರೆಯೇ ಎಂದು ಅಲ್ಲಿನ ಉದ್ಯೋಗ ಇಲಾಖೆ ನೋಡುತ್ತದೆ. ವ್ಯತ್ಯಾಸ ಗೊತ್ತಾಗುವುದು ಮುಂದೆ: ಬ್ಲೂ ಕಾರ್ಡ್ ಇದ್ದವರಿಗೆ 27 ತಿಂಗಳಿಗೆ, ಬಿ1 ಮಟ್ಟದ (ಎ1ರಿಂದ ಸಿ2ರವರೆಗಿನ ಭಾಷಾ ಮಟ್ಟಗಳಲ್ಲಿ ಮೂರನೆಯದು) ಜರ್ಮನ್ ಬಂದರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ ಸಿಗಬಹುದು. 18ಬಿಯಲ್ಲಿ ಹೋದವರು ಮೂರು ವರ್ಷ ಕಾಯಬೇಕು. ಮದುವೆಯಾಗಿದ್ದರೆ ಇದನ್ನೂ ಗಮನಿಸಿ: ಬ್ಲೂ ಕಾರ್ಡ್‌ನವರ ಹೆಂಡತಿ ಅಥವಾ ಗಂಡ ಅಲ್ಲಿಗೆ ಹೋಗುವ ಮುಂಚೆ ಜರ್ಮನ್ ಪರೀಕ್ಷೆ ಪಾಸಾಗಬೇಕಿಲ್ಲ, ಹೋದ ಮೇಲೆ ಯಾವ ಕೆಲಸ ಬೇಕಾದರೂ ಮಾಡಬಹುದು.

ಸಂಬಳ ಸರಿಹೋದ ಮೇಲೆ ಪದವಿಯ ವಿಷಯ. ಅನಾಬಿನ್ ಎಂಬ ಸರ್ಕಾರಿ ಡೇಟಾಬೇಸ್‌ನಲ್ಲಿ ಎರಡು ಸಂಗತಿ ಹುಡುಕಬೇಕು. ಮೊದಲನೆಯದು ವಿಶ್ವವಿದ್ಯಾಲಯ. ಪದವಿ ಪತ್ರದ ನೆತ್ತಿಯ ಮೇಲೆ ಇರುವ ಹೆಸರನ್ನೇ ಹುಡುಕಿ, ನೀವು ಓದಿದ ಕಾಲೇಜಿನ ಹೆಸರನ್ನಲ್ಲ. ಅದರ ಎದುರು ಎಚ್ ಪ್ಲಸ್ (ಮಾನ್ಯತೆ ಇದೆ ಎಂದರ್ಥ) ಎಂದಿರಬೇಕು. ಎರಡನೆಯದು ನಿಮ್ಮ ಪದವಿ. ಅದರ ಮುಂದೆ 'ಎಂಟ್‌ಸ್ಪ್ರಿಕ್ಟ್' ಅಥವಾ 'ಗ್ಲೈಶ್‌ವೆರ್ಟಿಶ್' ಎಂದಿದ್ದರೆ ಜರ್ಮನ್ ಪದವಿಗೆ ಸಮ ಎಂದರ್ಥ. ಎರಡೂ ಪುಟಗಳ ಪ್ರಿಂಟ್ ಅರ್ಜಿಗೆ ಲಗತ್ತಿಸಿ. ಒಂದು ಸಿಕ್ಕಿ ಇನ್ನೊಂದು ಸಿಗದಿದ್ದರೆ, ಅಥವಾ ಎಚ್ ಪ್ಲಸ್-ಮೈನಸ್ ಎಂದಿದ್ದರೆ ಜಡ್‌ಎಬಿ ಸಂಸ್ಥೆಯಿಂದ ಮೌಲ್ಯಮಾಪನ ಪತ್ರ ತರಿಸಿಕೊಳ್ಳಬೇಕು. ಅದರ ಶುಲ್ಕ 208 ಯೂರೊ. ಎಪಿಎಸ್ ವಿದ್ಯಾರ್ಥಿ ವೀಸಾದವರಿಗೆ. ಕೆಲಸದ ವೀಸಾಕ್ಕೆ ಅದು ಬೇಡ, ಅದಕ್ಕೆ ದುಡ್ಡು ಸುರಿಯಬೇಡಿ.

ಅರ್ಜಿ ಕಾನ್ಸುಲರ್ ಸರ್ವಿಸಸ್ ಪೋರ್ಟಲ್‌ನಲ್ಲಿ. ಕರ್ನಾಟಕದವರ ಅರ್ಜಿ ನೋಡುವುದು ಬೆಂಗಳೂರಿನ ಕಾನ್ಸುಲೇಟ್, ಶುಲ್ಕ 75 ಯೂರೊ. ಕಂಪನಿ ತುಂಬಿ ಸಹಿ ಮಾಡಿಕೊಡುವ ಉದ್ಯೋಗ ಘೋಷಣೆ ಫಾರಂ ಒಂದಿದೆ. ಅದರಲ್ಲಿನ ಹುದ್ದೆ, ವಾರದ ಗಂಟೆ, ಸಂಬಳ ಕಾಂಟ್ರ್ಯಾಕ್ಟ್‌ನಲ್ಲಿ ಇದ್ದಂತೆಯೇ ಇರಬೇಕು. ಒಂದರಲ್ಲಿ 40 ಗಂಟೆ, ಇನ್ನೊಂದರಲ್ಲಿ 38.5 ಎಂದಿದ್ದರೆ ಸಾಕು, ಸ್ಪಷ್ಟನೆ ಕೇಳಿ ಫೈಲ್ ನಿಲ್ಲುತ್ತದೆ. ಅಪ್‌ಲೋಡ್ ಮಾಡುವ ಮುಂಚೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ವೀಸಾ ಕೈಗೆ ಬರುವ ತನಕ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಅವಸರವಿದ್ದರೆ ಕಂಪನಿಯೇ ಅಲ್ಲಿನ ವಿದೇಶಿಯರ ಕಚೇರಿಗೆ 411 ಯೂರೊ ಕಟ್ಟಿ ಫಾಸ್ಟ್-ಟ್ರ್ಯಾಕ್ ಮಾಡಿಸಬಹುದು.

ಪ್ರಶ್ನೆ: ಎಂಜಿನಿಯರಿಂಗ್ ಮೂರನೇ ವರ್ಷಕ್ಕೆ ಬಿಟ್ಟೆ. ಬೆಂಗಳೂರಿನಲ್ಲಿ ಎಂಟು ವರ್ಷದಿಂದ ಸಾಫ್ಟ್‌ವೇರ್ ಕೆಲಸ. ಡಿಗ್ರಿ ಇಲ್ಲದವರಿಗೆ ಯಾವ ದಾರಿಯೂ ಇಲ್ಲವೇ?

ಉತ್ತರ: ಇದೆ, ಐಟಿಯವರಿಗೆ ಬ್ಲೂ ಕಾರ್ಡೇ ಇದೆ. 2023ರ ನವೆಂಬರ್‌ನಿಂದ, ಕಳೆದ ಏಳು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ ಪದವೀಧರರ ಮಟ್ಟದ ಐಟಿ ಕೆಲಸ ಮಾಡಿದವರಿಗೆ ಡಿಗ್ರಿ ಕೇಳುವುದಿಲ್ಲ. ಸಂಬಳ 45,934.20 ಮುಟ್ಟಬೇಕು. ಇಲ್ಲಿ ತೊಡಕಾಗುವುದು ನಮ್ಮ ರಿಲೀವಿಂಗ್ ಲೆಟರ್. ಅದರಲ್ಲಿ ಹುದ್ದೆಯ ಹೆಸರು, ಸೇರಿದ ದಿನ, ಬಿಟ್ಟ ದಿನ, ಕೊನೆಗೊಂದು ಶುಭ ಹಾರೈಕೆ, ಅಷ್ಟೇ ಇರುತ್ತದೆ. 'ಸಿಸ್ಟಮ್ಸ್ ಎಂಜಿನಿಯರ್' ಎಂಬ ಪದದಿಂದ ನೀವು ಮಾಡಿದ್ದೇನು ಎಂದು ಪರಿಶೀಲಿಸುವ ಅಧಿಕಾರಿಗೆ ತಿಳಿಯುವುದಿಲ್ಲ. ಯಾವ ಭಾಷೆಯಲ್ಲಿ ಯಾವ ವ್ಯವಸ್ಥೆ ಕಟ್ಟಿದಿರಿ, ವಿನ್ಯಾಸದ ಹೊಣೆ ಯಾರದಿತ್ತು, ಎಷ್ಟು ಜನರ ತಂಡ ನಡೆಸಿದಿರಿ, ಇದೆಲ್ಲ ಕಂಪನಿಯ ಲೆಟರ್‌ಹೆಡ್ ಮೇಲೆ ಬರಬೇಕು. ನೀವೇ ಕರಡು ಬರೆದು ಎಚ್‌ಆರ್‌ಗೆ ಕೊಟ್ಟರೆ ಬೇಗ ಆಗುತ್ತದೆ. ಹಳೆಯ ಕಂಪನಿಗಳಲ್ಲಿ ಪರಿಚಯದವರು ಇರುವಾಗಲೇ ಮಾಡಿಸಿಕೊಳ್ಳಿ.

ಪ್ರಶ್ನೆ: ಕೈಯಲ್ಲಿ ಆಫರ್ ಇಲ್ಲ. ಎಂ.ಟೆಕ್. ಆಗಿದೆ, ವಯಸ್ಸು 33. ಜರ್ಮನಿಗೆ ಹೋಗಿ ಕೆಲಸ ಹುಡುಕಲು ಕೊಡುವ ಆಪರ್ಚುನಿಟಿ ಕಾರ್ಡ್‌ಗೆ ಆರು ಅಂಕ ಹೊಂದಿಸಿ ಕೊಡುತ್ತೇನೆಂದು ಕನ್ಸಲ್ಟೆಂಟ್ ಒಬ್ಬರು ಒಂದೂವರೆ ಲಕ್ಷ ಕೇಳುತ್ತಿದ್ದಾರೆ.

ಉತ್ತರ: ಕೊಡಬೇಡಿ. ನಿಮ್ಮ ವಿಶ್ವವಿದ್ಯಾಲಯ, ಪದವಿ ಎರಡೂ ಅನಾಬಿನ್‌ನಲ್ಲಿ ಸಮ ಎಂದಿದ್ದರೆ ನಿಮಗೆ ಅಂಕಗಳೇ ಬೇಡ. ಅಂಥವರಿಗೆ ಕಾನೂನು ಅಂಕಪಟ್ಟಿಯನ್ನೂ ಭಾಷಾ ಪರೀಕ್ಷೆಯನ್ನೂ ಕೇಳುವುದಿಲ್ಲ. ತೀರಾ ಮುಖ್ಯವಾದ ಈ ಸಂಗತಿಯನ್ನೇ ಮುಚ್ಚಿಟ್ಟು ದುಡ್ಡು ಕೇಳುವುದು ಅನ್ಯಾಯ. ಅಂಕಗಳಿರುವುದು ಪದವಿಗೆ ಭಾರತದಲ್ಲಿ ಮಾತ್ರ ಮಾನ್ಯತೆ ಇರುವವರಿಗೆ. ಅವರು ಕನಿಷ್ಠ ಎ1 ಜರ್ಮನ್ ಅಥವಾ ಬಿ2 ಇಂಗ್ಲಿಷ್ ತೋರಿಸಿ ಆರು ಅಂಕ ಕೂಡಿಸಬೇಕು. ಉದಾಹರಣೆಗೆ 35ರೊಳಗಿನ ವಯಸ್ಸಿಗೆ 2, ಕಳೆದ ಐದು ವರ್ಷದಲ್ಲಿ ಎರಡು ವರ್ಷದ ಅನುಭವಕ್ಕೆ 2, ಎ2 ಜರ್ಮನ್‌ಗೆ 1, ಸಿ1 ಇಂಗ್ಲಿಷ್‌ಗೆ 1.

ಅಂಕ ಬೇಡದಿದ್ದರೂ ಖರ್ಚಿಗೆ ಹಣವಿದೆ ಎಂದು ತೋರಿಸಲೇಬೇಕು. 2025ರ ಲೆಕ್ಕದಲ್ಲಿ ಅದು ತಿಂಗಳಿಗೆ 1,091 ಯೂರೊ, ವರ್ಷಕ್ಕೆ 13,092, ಸಾಮಾನ್ಯವಾಗಿ, ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್‌ನಲ್ಲಿ. ಕಾರ್ಡ್ ಒಂದು ವರ್ಷದ್ದು. ಆ ಅವಧಿಯಲ್ಲಿ ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ದುಡಿಯಬಹುದು, ಕಂಪನಿಯೊಂದರಲ್ಲಿ ಎರಡು ವಾರದ ತನಕ ಪ್ರಾಯೋಗಿಕವಾಗಿ ಕೆಲಸ ಮಾಡಬಹುದು. ಕಾನೂನು ಕೇಳದಿದ್ದರೂ ಬಿ1 ಮುಗಿಸಿಕೊಂಡೇ ವಿಮಾನ ಹತ್ತಿ. ಸಣ್ಣ ಊರುಗಳ ಕಾರ್ಖಾನೆಗಳಲ್ಲಿ ಸಂದರ್ಶನ ನಡೆಯುವುದು ಜರ್ಮನ್‌ನಲ್ಲೇ, ಆ ಹನ್ನೆರಡು ತಿಂಗಳಲ್ಲಿ ಮೊದಲ ಆರು ಭಾಷೆ ಕಲಿಯಲಿಕ್ಕೇ ಹೋದರೆ ಕೆಲಸ ಹುಡುಕಲು ಉಳಿಯುವುದು ಅರ್ಧ ವರ್ಷ.